ಚಲಚ್ಚಿತ್ರದಲ್ಲಿ ಕಾಲದ ಬೆಸುಗೆ

ತೆರೆಯ ಮೇಲೆ ಒಬ್ಬಾತನು ಜಗಲಿಯಿಂದ ಬಾಗಿಲನ್ನು ತೆರೆದು ಒಳಹೊಗುತ್ತಾನೆ. ಮರುಕ್ಷಣವೇ ಕೋಣೆಯೊಳಗೆ ನಿಂತಿರುತ್ತಾನೆ. ನೋಡುವ ನಮಗೆ ಅದು ಒಂದೇ ಹೆಜ್ಜೆ. ಆದರೆ ಜಗಲಿಯನ್ನು ಯಾವುದೋ ಹಳ್ಳಿಯಲ್ಲಿಯೂ, ಕೋಣೆಯನ್ನು ತಿಂಗಳು ಕಳೆದಮೇಲೆ ನಗರದ ಸ್ಟುಡಿಯೋದಲ್ಲಿಯೂ ಚಿತ್ರಿಸಿರಬಹುದು. ನಡುವೆ ಆತನು ಕ್ಷೌರ ಮಾಡಿಸಿಕೊಂಡಿರಕೂಡದು. ಎಡಗೈಯ ಕೊಡೆ ಬಲಗೈಗೆ ಬಂದಿರಕೂಡದು. ಇದನ್ನು ಕಾಯುವುದಕ್ಕೆಂದೇ ಒಬ್ಬರು ಕ್ಯಾಮೆರಾದ ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ, ಛಾಯಾಚಿತ್ರಗಳನ್ನು ತೆಗೆದಿಡುತ್ತ ಇರುತ್ತಾರೆ. ಚಿತ್ರರಂಗದವರು ಇದನ್ನು ಕಂಟಿನ್ಯೂಟಿ ಎನ್ನುವರು, ನಾವು ದೃಶ್ಯಸಾತತ್ಯವೆನ್ನೋಣ. ಅಡುಗೆಯ ಉಪ್ಪಿನಂತೆ, ಸರಿಯಾಗಿದ್ದರೆ ಇದರ ಮಾತನ್ನು ಯಾರೂ ಎತ್ತುವುದಿಲ್ಲ. ಟೆಲಿವಿಷನ್ನಿನಲ್ಲಿ ಹಲವು ಕ್ಯಾಮೆರಾಗಳಿಂದ ಏಕಕಾಲದಲ್ಲಿ ಚಿತ್ರಿಸುವಾಗ ಈ ತೊಡಕು ಕೊಂಚ ಕಡಮೆ.

ಕೊಡೆಯನ್ನೇನೋ ಎಚ್ಚರದಿಂದ ಕಾಯಬಹುದು. ಕಾಲವನ್ನು ಕಾಯುವುದು ಹೇಗೆ? ಇದಕ್ಕೆ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಗಿಂತ ಒಳ್ಳೆಯ ನಿದರ್ಶನ ನನಗೆ ತೋರದು.

1952ರ ಅಕ್ಟೋಬರ್ 27ರಂದು ಅದರ ಚಿತ್ರೀಕರಣ ಆರಂಭವಾಯಿತು. ಬಂಗಾಳದ ಒಂದು ಬಯಲು. ಕಾಶದ ಹುಲ್ಲು ಬಿಳಿಯಾಗಿ ಹೂಬಿಟ್ಟಿತ್ತು. ಅಪು, ದುರ್ಗಾ ಎಂಬ ಮಕ್ಕಳು ಅಲ್ಲಿ ರೈಲನ್ನು ಕಾಣುವ ಸನ್ನಿವೇಶ. ಅರ್ಧ ಮುಗಿಸಿ, ವಾರದ ಬಳಿಕ ಬಂದು ನೋಡಿದರೆ ಹೂವೇ ಇಲ್ಲ. ದನಗಳು ಮೇದುಬಿಟ್ಟಿದ್ದವು! ಉಳಿದರ್ಧಕ್ಕೆ ಮರುವರ್ಷದ ಹೂವಿನ ಕಾಲದವರೆಗೂ ಕಾಯಬೇಕಾಯಿತು.

ಆಮೇಲೆ ಹಣದ ಅಭಾವ. ಕೆಲಸ ತಿಂಗಳುಗಟ್ಟಲೆ ನಿಂತು ನಿಂತು ನಡೆಯಿತು. ತಾಯಿ ಅಪುವಿಗೆ ಉಣಿಸಿ, ಮಿಕ್ಕ ಅನ್ನವನ್ನು ಹೊರಗೆ ಹಾಕುತ್ತಾಳೆ. ಭುಲೋ ಎಂಬ ನಾಯಿ ಅದನ್ನು ತಿನ್ನಬೇಕು. ಆ ಒಂದು ತುಣುಕು ಉಳಿದಿತ್ತು. ತಿಂಗಳುಗಳ ಮೇಲೆ ಹಿಂದಿರುಗಿದಾಗ ನಾಯಿ ಸತ್ತಿತ್ತು. ಅದನ್ನೇ ಹೋಲುವ ಇನ್ನೊಂದು ನಾಯಿಯನ್ನು ಹುಡುಕಿ ತಂದರು. ಮಿಠಾಯಿ ಮಾರುವವನ ಪಾತ್ರಧಾರಿಯೂ ನಡುವೆ ತೀರಿಕೊಂಡನು. ಮೈಕಟ್ಟಿನಲ್ಲಿ ಅವನಂತಿದ್ದವನೊಬ್ಬನು ದೊರೆತನು, ಮುಖ ಮಾತ್ರ ಬೇರೆ. ಆದುದರಿಂದ ಒಂದು ತುಣುಕಿನಲ್ಲಿ ಮೊದಲಿನವನು ನಮ್ಮತ್ತ ಬರುತ್ತಾನೆ. ಮುಂದಿನದರಲ್ಲಿ ಎರಡನೆಯವನು ನಮಗೆ ಬೆನ್ನು ತಿರುಗಿಸಿ ಮನೆಯೊಳಕ್ಕೆ ಹೋಗುತ್ತಾನೆ. ನಾನು ಈ ಸಂಗತಿಯನ್ನು ತಿಳಿದೇ ಆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಆದರೂ ಮಿಠಾಯಿಯ ಹಿಂದೆ ಓಡುವ ಮಕ್ಕಳನ್ನು ನೋಡುತ್ತ ಬೆನ್ನನ್ನು ಪರೀಕ್ಷಿಸುವುದನ್ನೇ ಮರೆತೆನು.

ನಾಯಿಗೆ ಬದಲು ನಾಯಿ ಸಿಕ್ಕಿತು. ಆದರೆ ಅಪುವಿನ ಧ್ವನಿ ಒಡೆದಿದ್ದರೆ? ದುರ್ಗಾ ಥಟ್ಟನೆ ಬೆಳೆದು ನಿಂತಿದ್ದರೆ? ಯಾವ ಟಿಪ್ಪಣಿಯ ಪುಸ್ತಕವೂ ಆಗ ನೆರವಿಗೆ ಬರುತ್ತಿರಲಿಲ್ಲ. ರಾಯರಿಗೆ ಎಲ್ಲಕ್ಕಿಂತ ದೊಡ್ಡ ಅಂಜಿಕೆ ಮುದುಕಿ ಇಂದಿರ್ ಠಾಕ್ರುಣಳ ಪಾತ್ರ ವಹಿಸಿದ್ದ ಚುನೀಬಾಲಾದೇವಿಯವರದು. ಅವರಿಗೆ ಆಗಲೇ ಎಂಬತ್ತರ ಆಸುಪಾಸು. ತಮ್ಮ ಪಾತ್ರದ ಸಾವನ್ನೂ ಅಭಿನಯಿಸಿ, ಕೆಲಸ ಪೂರೈಸುವವರೆಗೂ ಅವರು ಬದುಕಿದ್ದರು. 1955ರಲ್ಲಿ ಕಲ್ಕತ್ತೆಯ ಚಿತ್ರಮಂದಿರಗಳಲ್ಲಿ ಜನರು ಅವರನ್ನು ಕಂಡಾಗ ಅವರು ಇರಲಿಲ್ಲ.