ಮನಸ್ಸಿನ ಗಾಯಕ್ಕೆ ಯಾರ ಬಳಿ ಹೋಗಬೇಕು?



2006ರ ಜುಲೈ 11ರಂದು ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಬಾಂಬುಗಳು ಸಿಡಿದವು. ಅಂಥದನ್ನು ಕಂಡವರಿಗೆ ಮೈಗಾಯ ಮಾಗಿದ ಮೇಲೂ ಗಾಡಿಯ ಸದ್ದಿಗೆ ಎದೆ ನಡುಗುವುದುಂಟು. ಇದು ಹೇಡಿತನವಲ್ಲ. ತಿಂಗಳಾದರೂ ಬಿಡದಿದ್ದರೆ ಚಿಕಿತ್ಸೆ ಬೇಕು.

ಔಷಧ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಹೆಚ್ಚಾಗಿ ಮನಶ್ಶಾಸ್ತ್ರಜ್ಞರದು. ಇಂಥ ಆಘಾತಕ್ಕೆ ಚಿಕಿತ್ಸೆ ಮಾಡಿ ಅನುಭವವುಂಟೇ, ಎಷ್ಟು ಸಲ ಬರಬೇಕು, ಶುಲ್ಕವೆಷ್ಟು ಎಂದು ಸಂಕೋಚಪಡದೆ ಕೇಳಿರಿ. ಮೊದಲ ದಿನವೇ ಎಲ್ಲವನ್ನೂ ಹೇಳೆಂದು ಒತ್ತಾಯಿಸುವವರು ನನಗಂತೂ ಒಪ್ಪಿಗೆಯಿಲ್ಲ.

ಕಛೇರಿಯಲ್ಲಿ ಹಿಂದಿ, ಇಂಗ್ಲಿಷು ನಡೆದೀತು. ಭಯವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಬೇಕಾದೀತು. ಸರ್ಕಾರದ ಟೆಲಿ-ಮಾನಸ್ ಸೇವೆಗೆ, ಅಂದರೆ 14416ಕ್ಕೆ, ಫೋನು ಮಾಡಿದರೆ ಕನ್ನಡದಲ್ಲೂ ಉಚಿತವಾಗಿ ಮಾತಾಡಬಹುದು.

ನಾಲ್ಕಾರು ಭೇಟಿಗಳಾದರೂ ಅವರೊಡನೆ ಮನಸ್ಸು ಹೊಂದದಿದ್ದರೆ ಬೇರೊಬ್ಬರನ್ನು ನೋಡಿರಿ. ಅವರಿಗೆ ಬೇಸರವಾದೀತೆಂದು ದಾಕ್ಷಿಣ್ಯಪಡಬೇಡಿರಿ.