ಹಳೆಯ ಕಾರಿನ ನಿಜವಾದ ಮೆರುಗು
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಳೆಯ ಮೋಟಾರು ಕಾರುಗಳನ್ನು ಜೀರ್ಣೋದ್ಧಾರ ಮಾಡುವಾಗ ಅವುಗಳ ಲೋಹದ ಭಾಗಗಳಿಗೆ ಎಂತಹ ಮೆರುಗನ್ನು ಕೊಡಬೇಕು ಎಂಬ ವಿಷಯವಾಗಿ ಈ ದಿನ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ. ರಾಯದುರ್ಗ, ಮಡಕಶಿರಗಳ ಮಕ್ಕಳಿಗೆ ಹಳೆಯ ಕಾರಿನ ಚಿಂತೆ ಏತಕ್ಕೆ ಎಂದು ಕೆಲವರಿಗೆ ತೋರಬಹುದು. ಆದರೆ ಅಜ್ಜನ ಕಾಲದ ಜೀಪೋ ಅಂಬಾಸಿಡರ್ ಕಾರೋ ಇಂದಿಗೂ ಯಾರದಾದರೂ ಮನೆಯ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿರಬಹುದು. ಅದನ್ನು ನಾಳೆ ಹೊರಕ್ಕೆ ತೆಗೆಯುವವರು ನೀವೇ. ಆಗ ನಿಮ್ಮ ಕೈ ಮೊದಲು ಉಪ್ಪುಕಾಗದದ ಕಡೆಗೆ ಹೋಗಬಾರದು ಎಂಬುದೇ ನಮ್ಮ ಮಾತಿನ ಸಾರ.

ಲೋಹಕ್ಕೆ ಲೇಪವೇಕೆ ಎಂಬುದನ್ನು ನಮ್ಮ ಅಡುಗೆಮನೆಯೇ ಕಲಿಸುತ್ತದೆ. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ಇಟ್ಟರೆ ಕಿಲುಬು ಹಿಡಿಯುವುದು. ಆದುದರಿಂದ ಒಳಮೈಗೆ ತವರದ ಕಲಾಯಿ ಹಾಕಿಸುವರು. ಹೊರಮೈಗೆ ಕಲಾಯಿ ಬೇಕಿಲ್ಲ; ಅದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆದರೆ ಸಾಕು. ಎಲ್ಲಿ ಯಾವ ಲೇಪ, ಎಷ್ಟು ಹೊಳಪು ಎಂಬುದಕ್ಕೆ ಒಂದು ಕಾರಣ ಉಂಟು. ಕಾರನ್ನು ಕಟ್ಟಿದವರೂ ಹೀಗೆಯೇ ಯೋಚಿಸಿದರು.

ಮೊದಮೊದಲಿನ ಕಾರುಗಳಲ್ಲಿ ದೀಪಗಳೂ ರೇಡಿಯೇಟರಿನ ಕವಚವೂ ಹಿತ್ತಾಳೆಯವಾಗಿದ್ದುವು. ಅಮೆರಿಕದ ಫೋರ್ಡ್ ಕಂಪನಿಯ ಪ್ರಸಿದ್ಧ ಟಿ ಮಾದರಿಯ ಕಾರಿಗೆ 1916ರವರೆಗೆ ಹಿತ್ತಾಳೆಯ ರೇಡಿಯೇಟರ್ ಇದ್ದಿತು. 1917ರ ಕಾರುಗಳಲ್ಲಿ ಅದರ ಬದಲು ಕಪ್ಪು ಬಣ್ಣದ ಕವಚ ಬಂದಿತು. ಅದೇ ಕಂಪನಿಯ ಎ ಮಾದರಿಯಲ್ಲಿ 1928–29ರ ಕಾರುಗಳಿಗೆ ನಿಕಲ್ ಲೇಪವನ್ನೂ, 1930–31ರ ಕಾರುಗಳಿಗೆ ತುಕ್ಕು ಹಿಡಿಯದ ಉಕ್ಕನ್ನೂ ಬಳಸಿದರು. ಕ್ರೋಮಿಯಂ ಲೇಪವು ಕಾರುಗಳಲ್ಲಿ ವ್ಯಾಪಕವಾಗಿ ಹರಡಿದ್ದು 1920ರ ದಶಕದ ಕೊನೆಯಲ್ಲಿ. ಹೀಗಿರುವಾಗ 1916ರ ಹಿತ್ತಾಳೆಯ ಮೇಲೆ ಕ್ರೋಮಿಯಂ ಏರಿಸಿದರೆ ಏನಾದೀತು? ಕಾರು ಥಳಥಳಿಸೀತು, ಆದರೆ ಅದು ಹುಟ್ಟಿದ ಕಾಲವನ್ನು ಕುರಿತು ಸುಳ್ಳು ಹೇಳೀತು.

ನಿಕಲ್ಲಿಗೂ ಕ್ರೋಮಿಯಂಗೂ ಇರುವ ಭೇದವನ್ನು ಬರಿಗಣ್ಣಿನಿಂದಲೇ ತಿಳಿಯಬಹುದು. ನಿಕಲ್ಲಿನ ಹೊಳಪಿನಲ್ಲಿ ಹಳದಿಯ ಛಾಯೆ ಇರುತ್ತದೆ. ಅದು ಕಾಲಕ್ರಮದಲ್ಲಿ ಮಾಸುತ್ತದೆ, ಒರಸಿದರೆ ಮತ್ತೆ ಬೆಳಗುತ್ತದೆ. ಕ್ರೋಮಿಯಂ ನೀಲಿ ಬೆರೆತ ಬಿಳುಪು. ಅದು ಸುಲಭವಾಗಿ ಮಾಸುವುದಿಲ್ಲ. ಆದರೂ ಬಂಪರಿನ ಮೇಲಿನ ಕ್ರೋಮಿಯಂ ಪದರವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳುವು. ಉಕ್ಕನ್ನು ತುಕ್ಕಿನಿಂದ ಕಾಯುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರ ಕೆಳಗಿರುವ ದಪ್ಪನೆಯ ನಿಕಲ್ಲಿನದು. ಒರಟಾಗಿ ಉಜ್ಜಿದರೆ ಆ ತೆಳುಪದರ ಉಳಿಯುವುದೆಂತು?

ಕಣ್ಣಿಗೆ ಬೀಳದ ಭಾಗಗಳ ಕಥೆ ಇನ್ನೂ ಸ್ವಾರಸ್ಯಕರವಾದುದು. ಅನೇಕ ಕಾರುಗಳ ತಿರುಪುಮೊಳೆಗಳಿಗೆ ಕ್ಯಾಡ್ಮಿಯಂ ಅಥವಾ ಸತುವಿನ ಮಂಕು ಲೇಪ, ಕೆಲವು ಉಕ್ಕಿನ ಭಾಗಗಳಿಗೆ ಫಾಸ್ಫೇಟಿನ ಬೂದುಗಪ್ಪು, ಅಡಿಗಟ್ಟಿಗೆ ಬರಿಯ ಕಪ್ಪು ಬಣ್ಣ. ಸೈನ್ಯಕ್ಕಾಗಿ ಕಟ್ಟಿದ ಜೀಪಿನಲ್ಲಿ ಹೊಳಪು ಕೂಡದೆಂದೇ ಮಂಕು ಹಸಿರನ್ನು ಬಳಿದರು; ಹೊಳೆದರೆ ಶತ್ರುವಿನ ಕಣ್ಣಿಗೆ ಬೀಳುವುದಷ್ಟೆ. ಅಂತಹ ಜೀಪಿಗೆ ಕ್ರೋಮಿಯಂ ಬಂಪರ್ ತೊಡಿಸುವುದು ಕಂಬಳಿಗೆ ಜರಿಯ ಅಂಚು ಹೊಲಿದಂತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ ಮೋಟಾರು ಸೈಕಲ್ಲಿನ ಟ್ಯಾಂಕಿನ ಇಕ್ಕೆಲಗಳಲ್ಲಾದರೋ ಕ್ರೋಮಿಯಮ್ಮೇ ಶೋಭೆ. ಅಲ್ಲಿ ಅದನ್ನು ಬಣ್ಣದಿಂದ ಮುಚ್ಚುವುದು ತಪ್ಪು. ಒಂದರ ಅಲಂಕಾರ ಇನ್ನೊಂದಕ್ಕೆ ಅಪಚಾರವಾಗುತ್ತದೆ.

ಮೂಲದ ಮೆರುಗು ಯಾವುದೆಂದು ತಿಳಿಯುವ ಬಗೆ ಹೇಗೆ? ಆ ಕಾರೇ ಸಾಕ್ಷಿ ಹೇಳುತ್ತದೆ. ಬಿಸಿಲು ಮಳೆ ತಾಗದ ಎಡೆಗಳಲ್ಲಿ, ಎಂದರೆ ವಾಷರಿನ ಅಡಿಯಲ್ಲಿ, ದೀಪದ ಕಟ್ಟಿನ ಹಿಂದೆ, ಚಕ್ರದ ಮುಚ್ಚಳದ ಒಳಗೆ, ಹಳೆಯ ಲೇಪದ ತುಣುಕು ಉಳಿದಿರುತ್ತದೆ. ಬಿಚ್ಚುವ ಮುನ್ನ ಛಾಯಾಚಿತ್ರ ತೆಗೆಯಬೇಕು. ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಬೇಕು. ತಯಾರಕರ ಬಿಡಿಭಾಗಗಳ ಪುಸ್ತಕ ದೊರೆತರೆ ಅದರೊಡನೆ ಹೋಲಿಸಬೇಕು. ಲೇಪ ತೆಗೆಯುವ ಮೊದಲು ಒಂದು ಹಳೆಯ ಮೊಳೆಯನ್ನು ಮಾದರಿಯಾಗಿ ಹಾಗೆಯೇ ಎತ್ತಿಡಬೇಕು. ಯಂತ್ರದ ಚಕ್ರಕ್ಕೆ ಕೊಟ್ಟು ಬಲವಾಗಿ ಉಜ್ಜಿದರೆ ಲಾಂಛನದ ಅಕ್ಷರಗಳ ಅಂಚು ಸವೆಯುತ್ತದೆ, ಅಚ್ಚೊತ್ತಿದ ಅಂಕಿಗಳು ಅಳಿಯುತ್ತವೆ. ತುಕ್ಕು ತಿಂದ ತಗಡಿಗೆ ಬೇರೆ ತಗಡು ಸಿಕ್ಕೀತು. ಸವೆದುಹೋದ ಅಕ್ಷರ ಮತ್ತೆ ಹುಟ್ಟದು.

ಮಡಕಶಿರದ ಸೀಮೆಯ ಹೇಮಾವತಿಯನ್ನು ನೆನೆಯಿರಿ. ಹೆಂಜೇರು ಎಂಬ ಹೆಸರಿನಿಂದ ಅದು ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿಯ ಕರಿಯ ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿದರೆ ಹೊಸದರಂತೆ ಕಂಡೀತು. ಶಿಲ್ಪಿಯ ಕೈಗೆಲಸ ಮಾತ್ರ ಮರೆಯಾಗುವುದು. ಪುರಾತನ ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ಒಂದು ಸನ್ನದು ರೂಪುಗೊಂಡಿತು. ಅದರ ಜಾಡಿನಲ್ಲಿಯೇ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಟ್ಯೂರಿನ್ ಸನ್ನದನ್ನು ಅಂಗೀಕರಿಸಿದೆ. ಉಳಿದುದನ್ನು ಕಾಪಾಡು, ಬದಲಿಸಿದುದನ್ನು ಬರೆದಿಡು ಎಂಬುದು ಅದರ ತಿರುಳು. ನಮ್ಮ ದೇಶದಲ್ಲಿಯೂ 2021ರಲ್ಲಿ ಕೇಂದ್ರ ಸರ್ಕಾರವು ಹಳೆಯ ವಾಹನಗಳ ನೋಂದಣಿಗೆ ನಿಯಮಗಳನ್ನು ಪ್ರಕಟಿಸಿತು. ಐವತ್ತು ವರ್ಷಗಳಿಗೆ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ ಮಾತ್ರ ಆ ಗೌರವ. ಮೂಲರೂಪ ಎಂಬ ಮಾತಿಗೆ ಈಗ ಕಾನೂನಿನಲ್ಲಿಯೂ ಬೆಲೆಯುಂಟು.

ಇಲ್ಲಿ ಒಂದು ಎಚ್ಚರಿಕೆಯನ್ನು ಪೋಷಕರಿಗೂ ಹೇಳಬೇಕು. ಕ್ಯಾಡ್ಮಿಯಂ ವಿಷ. ಕ್ರೋಮಿಯಂ ಲೇಪಕ್ಕೆ ಬಹುಕಾಲದಿಂದ ಬಳಸುತ್ತ ಬಂದ ದ್ರಾವಣವು ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಆದುದರಿಂದ ಇವುಗಳನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಹಳೆಯ ಲೇಪವನ್ನು ಉಜ್ಜಿ ಧೂಳೆಬ್ಬಿಸುವುದೂ ಕೂಡದು. ಕ್ಯಾಡ್ಮಿಯಂ ಇದ್ದ ಮೊಳೆಗೆ ಸತುವಿನ ಲೇಪ ಮಾಡಿಸಿ, ಹಾಗೆ ಮಾಡಿಸಿದುದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಸತ್ಯಕ್ಕೂ ಚ್ಯುತಿಯಿಲ್ಲ, ಕೆಲಸಗಾರನ ಆರೋಗ್ಯಕ್ಕೂ ಹಾನಿಯಿಲ್ಲ. ಮೂಲಕ್ಕೆ ನಿಷ್ಠೆ ಎಂಬುದು ಮನುಷ್ಯನ ಪ್ರಾಣಕ್ಕಿಂತ ದೊಡ್ಡದಲ್ಲ.

ಶ್ರೀ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನು ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿಯೂ ನೋಡಬಹುದು. ಶಾಲೆಯ ಪ್ರವಾಸವು ಆ ಕಡೆ ಹೊರಟಾಗ ಮಕ್ಕಳು ಕಾರಿನ ಅಂದವನ್ನಷ್ಟೇ ನೋಡಿ ಬಾರದೆ, ಯಾವುದು ಹಿತ್ತಾಳೆ, ಯಾವುದು ನಿಕಲ್, ಯಾವುದು ಕ್ರೋಮಿಯಂ ಎಂದು ಗುರುತಿಸಿ ಟಿಪ್ಪಣಿ ಬರೆದು ತರಲಿ. ಮನೆಯಲ್ಲಿ ಹಿರಿಯರ ವಸ್ತು ಯಾವುದೇ ಇರಲಿ, ತಿಕ್ಕುವ ಮೊದಲು ನೋಡಿರಿ, ನೋಡಿದುದನ್ನು ಬರೆಯಿರಿ, ತಿಳಿಯದಿದ್ದರೆ ಹಿರಿಯರನ್ನು ಕೇಳಿರಿ. ಹೊಳಪನ್ನು ಎಂದು ಬೇಕಾದರೂ ಕೊಡಬಹುದು. ಉಜ್ಜಿ ಕಳೆದುದನ್ನು ಯಾರೂ ಮರಳಿ ತರಲಾರರು.