ಅಜ್ಜಿಗೆ ದುಡ್ಡು ಕಳಿಸಿದರೆ ಮುಗೀತಾ?

ಓಎಂಆರ್ ಟ್ರಾಫಿಕ್ ದಾಟಿ ಶನಿವಾರ ಸಂಜೆ ಬಂದಿದ್ದೀರಿ, ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ.

ನಮ್ಮಲ್ಲಿ ಬಹಳ ಜನರ ಬಳಗದಲ್ಲಿ ಇಂಥ ಒಂದು ಮನೆ ಇರುತ್ತೆ. ಮಗ ಕುಡೀತಾನೆ, ಸೊಸೆ ಮನೆ ಬಿಟ್ಟು ಹೋಗಿದ್ದಾಳೆ, ಮಕ್ಕಳನ್ನು ಅಜ್ಜಿಯೋ ಅತ್ತೆಯೋ ಚಿಕ್ಕಮ್ಮನೋ ಸಾಕ್ತಿದ್ದಾರೆ. ಚೆನ್ನೈನಲ್ಲಿ ಕೂತ ನಾವು ತಿಂಗಳಿಗಿಷ್ಟು ಅಂತ ಗೂಗಲ್ ಪೇ ಮಾಡ್ತೀವಿ. ಭಾನುವಾರ ಫೋನ್ ಮಾಡಿ, ‘ಮಕ್ಕಳು ಚೆನ್ನಾಗಿ ಓದ್ತಿದ್ದಾರಾ?’ ಅಂತೀವಿ. ಆ ಕಡೆಯಿಂದ, ‘ಹ್ಞೂಂ ಕಣಪ್ಪ.’ ಅಲ್ಲಿಗೆ ಮುಗೀತು.

ಮಂಡ್ಯ ಹತ್ತಿರದ ನಮ್ಮ ದೊಡ್ಡಮ್ಮ ಹೀಗೇ ಇಬ್ಬರು ಮೊಮ್ಮಕ್ಕಳನ್ನು ಸಾಕ್ತಿದ್ದಾರೆ. ಚಿಕ್ಕವನಿಗೆ ಏಳು ವರ್ಷ. ಹೊಟ್ಟೆ ತುಂಬಾ ಉಂಡಮೇಲೂ ದಿಂಬಿನ ಕೆಳಗೆ ಬಿಸ್ಕತ್ತು ಬಚ್ಚಿಡ್ತಾನೆ. ಬೀದೀಲಿ ಬೈಕ್ ಸದ್ದಾದರೆ ಆಟ ನಿಲ್ಲಿಸಿ ಕಿವಿಗೊಡ್ತಾನೆ. ದೊಡ್ಡಮ್ಮ ಇದನ್ನು ‘ಕಳ್ಳಬುದ್ಧಿ’, ‘ಓದಿನ ಮೇಲೆ ಗಮನ ಇಲ್ಲ’ ಅಂತಿದ್ದರು. ಆದರೆ ಅಪ್ಪ ಎಷ್ಟು ಕುಡಿದಿದ್ದಾನೆ ಅಂತ ಬೈಕಿನ ಸದ್ದಲ್ಲೇ ಗುರುತಿಸೋದು ಆ ಮಗು ಹೊಡೆತ ತಪ್ಪಿಸಿಕೊಳ್ಳೋಕೆ ಕಲಿತ ವಿದ್ಯೆ. ಮನೆ ಬದಲಾದ ಮಾತ್ರಕ್ಕೆ ಮೈ ಅದನ್ನು ಮರೆಯಲ್ಲ.

ಸರಿ, ಮಗುವಿನ ಕಥೆ ಇದು. ಸಾಕ್ತಿರೋರ ಕಥೆ? ಅದನ್ನು ಯಾರೂ ಕೇಳಲ್ಲ. ಕುಡೀತಿರೋನು ಅವರು ಹೆತ್ತ ಮಗ. ರಾತ್ರಿ ಬಂದು ಬಾಗಿಲು ಬಡೀತಾನೆ. ತೆಗೆದರೆ ಮಕ್ಕಳು ನಡುಗ್ತಾರೆ, ತೆಗೀದಿದ್ದರೆ ಹೆತ್ತ ಕರುಳು ಕೇಳಲ್ಲ. ‘ನೀವು ಸರಿಯಾಗಿ ಬೆಳೆಸಿದ್ದರೆ ಹೀಗಾಗ್ತಿತ್ತಾ’ ಅನ್ನೋ ಮಾತು ಬೇರೆ. ನಾವು ಕಳಿಸಿದ ದುಡ್ಡು ಎಷ್ಟೋ ಸಲ ಅವನ ಕೈಗೇ ಹೋಗುತ್ತೆ, ಅಮ್ಮ ಇಲ್ಲ ಅನ್ನೋಕಾಗಲ್ಲ. ಅದಕ್ಕೇ ಶಾಲೆ ಫೀಸು ನೇರ ಶಾಲೆಗೆ, ದಿನಸಿ ದುಡ್ಡು ನೇರ ಅಂಗಡಿಗೆ ಕಟ್ಟಿ ಅಂತೀನಿ. ಅಜ್ಜಿ ಮೇಲೆ ಅಪನಂಬಿಕೆ ಅಂತಲ್ಲ. ‘ನನ್ನ ಹತ್ರ ಇಲ್ಲಪ್ಪ’ ಅಂತ ಅವರು ನಿಜವಾಗಿ ಹೇಳೋಕೆ ಆಗಲಿ ಅಂತ.

ನಾವಿರೋ ಊರಲ್ಲೇ ಇದಕ್ಕೊಂದು ಉದಾಹರಣೆ ಇದೆ. ಶಾಂತಿ ರಂಗನಾಥನ್ ಅವರ ಗಂಡ ಕುಡಿತದಿಂದ ತೀರಿಕೊಂಡರು. ಆಮೇಲೆ 1980ರಲ್ಲಿ ಅವರು ಚೆನ್ನೈನಲ್ಲಿ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಕಟ್ಟಿದರು. ಅಡ್ಯಾರ್ ಕಡೆ ಇಂದಿರಾನಗರದಲ್ಲಿರೋ ಟಿಟಿಕೆ ಆಸ್ಪತ್ರೆ ಅದೇ. ಕುಡಿಯೋರ ಜೊತೆಗೆ ಮನೆಯವರಿಗೂ ಅಲ್ಲಿ ಚಿಕಿತ್ಸೆ ಇದೆ. ಕುಡಿದೋನು ಬಿಟ್ಟರೂ ಬಿಡದಿದ್ದರೂ ಮನೆಯವರಿಗೆ ಅವರದೇ ಆದ ಆರೈಕೆ ಬೇಕು. ನನ್ನ ಪ್ರಕಾರ ನಾವು ತಪ್ಪೋದು ಇಲ್ಲೇ: ಅವನು ಬಿಡಲಿ, ಆಮೇಲೆ ನೋಡೋಣ ಅಂತ ಕಾಯ್ತೀವಿ. ಅಷ್ಟರಲ್ಲಿ ಮಗು ಹತ್ತನೇ ಕ್ಲಾಸಿಗೆ ಬಂದಿರುತ್ತೆ.

ಇನ್ನು ಕಾಗದ ಪತ್ರ. ಈ ಕೆಲಸದಲ್ಲಿ ನಾವು ಗಟ್ಟಿಗರು, ಅಜ್ಜಿಗೆ ಅದು ಬೆಟ್ಟ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಅಪ್ಪ ಅಮ್ಮ ಇಲ್ಲದ ಅಥವಾ ಸಾಕೋ ಸ್ಥಿತಿಯಲ್ಲಿಲ್ಲದ ಮಗು ಬಂಧುಗಳ ಮನೇಲಿದ್ದರೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಬಹುದು. ಆದಾಯದ ಮಿತಿ ಇದೆ. ಹಳ್ಳಿಗಳಲ್ಲಿ ವರ್ಷಕ್ಕೆ 72,000. ವಿಚಾರಿಸಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಮಗುವಿಗೆ ಅಪಾಯ ಅನ್ನಿಸಿದರೆ 1098. ಅಜ್ಜಿಗೆ ನಿದ್ದೆ ಬರ್ತಿಲ್ಲ, ಅಳು ನಿಲ್ತಿಲ್ಲ ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಒಂದು ಮಾತಂತೂ ಮಕ್ಕಳಿಗೆ ಯಾರೂ ಹೇಳಬೇಡಿ: ‘ನೀನು ಚೆನ್ನಾಗಿ ಓದಿದರೆ ಅಪ್ಪ ಕುಡಿಯೋದು ಬಿಡ್ತಾನೆ.’ ಪ್ರೀತಿಯಿಂದಲೇ ಹೇಳ್ತೀವಿ. ಮುಂದಿನ ಸಲ ಅಪ್ಪ ಕುಡಿದಾಗ ಮಗು ತನ್ನ ಮಾರ್ಕ್ಸ್ ಕಾರ್ಡ್ ನೋಡಿಕೊಳ್ಳುತ್ತೆ. ‘ಅಪ್ಪನಿಗೆ ಕಾಯಿಲೆ. ನಿನ್ನಿಂದ ಬಂದಿದ್ದಲ್ಲ, ವಾಸಿ ಮಾಡೋದು ನಿನ್ನ ಕೆಲಸ ಅಲ್ಲ’ ಅನ್ನಿ. ಒಂದು ಸಲ ಹೇಳಿದರೆ ಸಾಲಲ್ಲ.

ಮತ್ತೆ ರಜೆ. ನಮಗಲ್ಲ, ಅಜ್ಜಿಗೆ. ಶುಕ್ರವಾರ ರಾತ್ರಿ ಸೆಂಟ್ರಲ್‌ನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮಂಡ್ಯ. ಎರಡು ದಿನ ಮಕ್ಕಳು ನಿಮ್ಮ ಜವಾಬ್ದಾರಿ ಅಂತ ಮೊದಲೇ ಹೇಳಿಬಿಡಿ. ದೊಡ್ಡಮ್ಮ ಕಣ್ಣಿನ ಪೊರೆ ಆಪರೇಷನ್ನು ಎರಡು ವರ್ಷ ಮುಂದೂಡಿದ್ದರು, ‘ಇವನ್ನ ಯಾರತ್ರ ಬಿಟ್ಟು ಹೋಗ್ಲಿ’ ಅಂತ. ಹೋದ ತಿಂಗಳು ಆಯ್ತು. ನಾನೂ ನನ್ನ ಹೆಂಡತಿಯೂ ಸರದಿ ಮೇಲೆ ಹೋಗಿದ್ವಿ.

ಪ್ರಶ್ನೆ ಇದ್ದರೆ ಕೇಳಿ. ಮನೆ ವಿಷಯ, ಮೈಕಲ್ಲಿ ಬೇಡ ಅನ್ನಿಸಿದರೆ ಹೊರಗೆ ಕಾಫಿ ಹತ್ರ ಇರ್ತೀನಿ.